ಹಗೇವಿನೊಳಗಿನ ಕಂದೀಲು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಜೋಳ ನೆಲದೊಳಗೆ ಇರುತ್ತಿತ್ತು. ತೆಲಸಂಗದ ಕಡೆ ಆಗ ಎಷ್ಟೋ ಮನೆಗಳ ಮುಂದೆ ಹಗೇವು ಎಂಬ ದೊಡ್ಡ ತಗ್ಗು ಇರುತ್ತಿತ್ತು. ಹೊಟ್ಟೆ ದೊಡ್ಡದು, ಬಾಯಿ ಸಣ್ಣದು, ಥೇಟ್ ಗಡಿಗೆಯ ಹಾಗೆ. ಸುಗ್ಗಿಯಲ್ಲಿ ಜೋಳ ತುಂಬಿ, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ, ಸುತ್ತ ಮಣ್ಣು ಮೆತ್ತಿಬಿಟ್ಟರೆ ಇಲಿಯ ಕಾಟವಿಲ್ಲ, ಕಳ್ಳರ ಕಾಟವೂ ಇಲ್ಲ. ಆ ಕಲ್ಲಿನ ಮೇಲೆಯೇ ನಾವು ಗೋಲಿ ಆಡುತ್ತಿದ್ದೆವು. ಕಾಲ ಕೆಳಗೆ ವರ್ಷದ ರೊಟ್ಟಿ ಮಲಗಿದೆ ಎಂಬುದು ನೆನಪಿಗೂ ಬರುತ್ತಿರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಬೇಸಿಗೆಯಲ್ಲಿ ಅಡುಗೆಮನೆಯ ಜೋಳ ಮುಗಿಯುತ್ತ ಬಂದು, ಹಗೇವು ತೆಗೆಯಬೇಕಾಯಿತು. ಅದಕ್ಕೊಂದು ಪದ್ಧತಿ ಇತ್ತು. ಹಿಂದಿನ ದಿನವೇ ಕಲ್ಲು ಸರಿಸಿ, ಆಡು ಕುರಿ ಬೀಳದಂತೆ ಸುತ್ತ ಮುಳ್ಳು ಹಚ್ಚಿ, ಹಗೇವಿಗೆ ಗಾಳಿಯಾಡಲು ಬಿಡಬೇಕು. ಮರುದಿನ ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಕಾಳಿನ ತನಕ ಇಳಿಸಬೇಕು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ, ಯಾರೂ ಇಳಿಯಕೂಡದು. ದೀಪ ಉರಿದರೆ ಇಳಿಯಬಹುದು. ಅಪ್ಪ ಕಂದೀಲು ಇಳಿಸಿದ. ಅದು ಚೆನ್ನಾಗಿಯೇ ಉರಿಯಿತು.

ಪ್ರತಿ ವರ್ಷ ಇಳಿಯುತ್ತಿದ್ದವನು ಅಪ್ಪನ ತಮ್ಮ, ನಮ್ಮ ಕಾಕಾ. ಆ ವರ್ಷ ಅವನಿಗೆ ಮದುವೆಯಾಗಿ, ಮಾವನ ಮನೆಯ ಹೋಳಿಗೆ ಮೈಗೆ ಹತ್ತಿಬಿಟ್ಟಿತ್ತು. ಹಗೇವಿನ ಬಾಯಿಯೊಳಗೆ ಕಾಲು ಹೋಯಿತು, ಸೊಂಟ ಹೋಗಲಿಲ್ಲ. ಅಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಕಡ್ಡಿಯಂತಿದ್ದ ನಾನು ಆಗಲೇ ಅಂಗಿ ಬಿಚ್ಚಿ ನಿಂತಿದ್ದೆ. "ನಾ ಇಳಿತೀನಪಾ" ಅಂದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ನನ್ನ ಕಂಕುಳ ಕೆಳಗೆ ಹಗ್ಗ ಕಟ್ಟಿದ.

ಒಳಗೆ ಬೆಚ್ಚಗಿತ್ತು. ಬಿಸಿಲೇ ಬೀಳದ ಆ ತಗ್ಗಿನಲ್ಲಿ ಬಿಸಿ ಎಲ್ಲಿಂದ ಬಂತು ಎಂದು ನನಗೆ ಸೋಜಿಗವಾಯಿತು. ಹುಳಿ ಹಿಟ್ಟಿನಂಥ ವಾಸನೆ ಮೂಗಿಗೆ ಅಡರಿತು. ತಲೆಯ ಮೇಲೆ ಹಗೇವಿನ ಬಾಯಿ ಒಂದು ಬಿಳಿ ರೊಟ್ಟಿಯಷ್ಟೇ ಕಾಣುತ್ತಿತ್ತು. ನಾನು ಅಳತೆಯ ಸೇರಿನಿಂದ ಕಾಳು ಮೊಗೆದು ಬುಟ್ಟಿಗೆ ತುಂಬುವುದು, ಅಪ್ಪ ಮತ್ತು ಕಾಕಾ ಮೇಲೆ ಜಗ್ಗುವುದು, ಹೀಗೆ ಕೆಲಸ ನಡೆಯಿತು. ನಡುವೆ ಮೊಗೆದಂತೆ ನನ್ನ ಸುತ್ತ ಗುಂಡಿ ಬಿತ್ತು. ನಾನು ಅದರಲ್ಲೇ ನಿಂತು ಇನ್ನೂ ಆಳಕ್ಕೆ ಮೊಗೆಯುತ್ತ ಹೋದೆ. ಬದಿಯ ಕಾಳು ಗೋಡೆಗೆ ಅಂಟಿಕೊಂಡು ಎತ್ತರಕ್ಕೆ ನಿಂತಿತ್ತು.

ಆ ಕಾಳಿನ ಗೋಡೆ ಒಮ್ಮೆಲೇ ಜರಿಯಿತು. ಜೋರು ಸದ್ದೇನೂ ಇಲ್ಲ, ಮಳೆ ಬಂದಂತೆ ಸುರ್ ಎಂದಿತು, ಅಷ್ಟೇ. ಕಣ್ಣು ಬಿಟ್ಟರೆ ಎದೆಯ ತನಕ ಜೋಳ. ಕಾಲು ಅಲುಗಾಡಿಸಲು ನೋಡಿದೆ, ಆಗಲಿಲ್ಲ. ಒಂದು ಕೈ ಒಳಗೇ ಸಿಕ್ಕಿತ್ತು. ಮೇಲಿನವರು ಗಾಬರಿಯಾಗಿ ಹಗ್ಗ ಜಗ್ಗಿದರು. ಕಂಕುಳು ಹರಿದುಹೋಗುವಷ್ಟು ನೋವಾಯಿತೇ ಹೊರತು ನಾನು ಒಂದು ಬೆರಳಿನಷ್ಟೂ ಮೇಲೆ ಬರಲಿಲ್ಲ.

"ಜಗ್ಗಬ್ಯಾಡಪಾ" ಎಂದು ಕೂಗಿದೆ. ಕೂಗಿದ್ದು ತಪ್ಪಾಯಿತು. ಉಸಿರು ಹೊರಗೆ ಹೋದಾಗ ಎದೆ ತುಸು ಸಣ್ಣದಾಗುತ್ತದಲ್ಲ, ಆ ಸಂದಿಗೆ ಕಾಳು ಬಂದು ಕೂತವು. ಮತ್ತೆ ಉಸಿರು ತೆಗೆದುಕೊಳ್ಳಲು ನೋಡಿದರೆ ಎದೆಗೆ ಜಾಗವೇ ಇಲ್ಲ. ಒಂದು ಜೋಳದ ಕಾಳು ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅಂಥವೆಲ್ಲ ಕೂಡಿ ನನ್ನನ್ನು ಹಿಡಿದಿದ್ದವು. ಅಂದು ನನಗೆ ಸಾವಿನ ಭಯ ಎಂದರೇನು ಎಂದು ತಿಳಿಯಿತು, ಮಕ್ಕಳೇ. ಅದನ್ನು ಮುಚ್ಚಿಟ್ಟು ಶೂರನಂತೆ ಹೇಳಲು ನನಗೆ ಬರುವುದಿಲ್ಲ.

ನನ್ನನ್ನು ನೋಡಲೆಂದು ಅಪ್ಪ ಕಂದೀಲನ್ನು ನನ್ನ ಮುಖದ ಹತ್ತಿರ ಇಳಿಸಿದ. ಆಗ ಇನ್ನೊಂದು ಸಂಗತಿ ಕಂಡಿತು. ಮೇಲೆ ಚೆನ್ನಾಗಿ ಉರಿಯುತ್ತಿದ್ದ ದೀಪ ನನ್ನ ಬಳಿ ಬರುತ್ತಿದ್ದಂತೆ ಕುಗ್ಗತೊಡಗಿತು.

"ಕಂದೀಲ ಹ್ಯಾಂಗ ಐತಿ, ನೋಡಿ ಹೇಳ" ಎಂದ ಅಪ್ಪ.

"ಸಣ್ಣ ಆಗಾಕತ್ತೈತಿ."

ನನ್ನ ತಲೆ ಭಾರವಾಗುತ್ತಿತ್ತು, ಅಂಥ ಭಯದಲ್ಲೂ ಕಣ್ಣು ಎಳೆಯುತ್ತಿದ್ದವು. ಬೆಳಿಗ್ಗೆ ನಾವು ಪರೀಕ್ಷಿಸಿದ್ದು ಕಾಳಿನ ಮೇಲಿನ ಗಾಳಿಯನ್ನು. ಕಾಳಿನ ನಡುವೆ ಅಡಗಿದ್ದ ಗಾಳಿಯನ್ನು ಯಾರೂ ಪರೀಕ್ಷಿಸಿರಲಿಲ್ಲ. ನಾನು ಅದನ್ನೇ ಅಗೆದು ಅದರಲ್ಲೇ ನಿಂತಿದ್ದೆ.

"ನಾ ಇಳಿತೀನಿ, ನನಗ ಹಗ್ಗಾ ಕಟ್ಟು" ಎಂದು ಅಕ್ಕ ಅಳುತ್ತ ಹೇಳುವುದು ಕೇಳಿಸಿತು.

"ದೀಪ ನೆಟ್ಟಗ ಆಗೂತನಕ ಯಾರೂ ಇಳಿಯಂಗಿಲ್ಲ" ಎಂದ ಅಪ್ಪ. ಮಗ ಕೆಳಗೆ ಸಿಕ್ಕಿರುವಾಗ ಮಗಳನ್ನು ತಡೆಯುವುದು ಎಷ್ಟು ಕಷ್ಟ ಎಂದು ನನಗೆ ತಿಳಿದದ್ದು ನಾನು ಅಪ್ಪನಾದ ಮೇಲೆ.

ಕಾಕಾ ಓಡಿಹೋಗಿ ಕೌದಿ ತಂದ. ಅವ್ವ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದದ್ದು, ನಾನು ಹೊದ್ದು ಮಲಗುತ್ತಿದ್ದದ್ದೇ ಅದು. ಅದನ್ನು ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಇಳಿಸುವುದು, ಎಳೆಯುವುದು, ಮತ್ತೆ ಇಳಿಸುವುದು. ಬಾವಿಯಿಂದ ನೀರು ಸೇದಿದ ಹಾಗೆ ಕೆಟ್ಟ ಗಾಳಿಯನ್ನು ಸೇದಿದರು. ಕೌದಿ ಕೆಳಗೆ ಬಂದಾಗ ಮುಖಕ್ಕೆ ನನ್ನದೇ ಹಾಸಿಗೆಯ ವಾಸನೆ ತಾಗುತ್ತಿತ್ತು. ನಾನು ದೀಪವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅದು ಒಮ್ಮೆ ಅವರೆಕಾಳಿನಷ್ಟಾಯಿತು, ಇನ್ನೇನು ಹೋಯಿತು ಅಂದುಕೊಂಡೆ. ಆಮೇಲೆ ತುಸು ಎದ್ದಿತು. ಮತ್ತೆ ಕುಗ್ಗಿತು. ಕೊನೆಗೆ ಹಳದಿಯಾಗಿ ನೆಟ್ಟಗೆ ನಿಂತಿತು.

"ನಿಂತೈತಿ ಅಪ್ಪಾ" ಅಂದೆ. ಮೆಲ್ಲಗೆ ಅಂದೆ, ಉಸಿರು ಉಳಿಸಿಕೊಂಡು.

ಮರುಗಳಿಗೆ ಅಕ್ಕನ ಪಾದಗಳು ಕಂಡವು. ಅವಳು ನನ್ನಿಂದ ದೂರ, ಗೋಡೆಯ ಬದಿಗೆ ಇಳಿದಳು. "ಅಳಬ್ಯಾಡ, ಬಾಯಾಗ ಕಾಳ ಹೋಗ್ತಾವ" ಎಂದಳು. ಅವಳೇ ಅಳುತ್ತಿದ್ದಳು. ಜೋಳದಲ್ಲಿ ಹೂತುಹೋಗಿದ್ದ ಸೇರು ಅವಳಿಗೆ ಸಿಗಲಿಲ್ಲ, ಬೊಗಸೆಯಿಂದಲೇ ನನ್ನ ಎದೆಯ ಸುತ್ತ ಮೊಗೆಮೊಗೆದು ಬುಟ್ಟಿಗೆ ಹಾಕಿದಳು. ಮೊದಲು ಎದೆ ಬಿಡಿಸಿಕೊಂಡಿತು, ಆಮೇಲೆ ಕೈ. ಆ ಕೈಗೆ ಸೇರೂ ಸಿಕ್ಕಿತು. ಸೊಂಟದ ತನಕ ಖಾಲಿಯಾದಾಗ ಅಪ್ಪ ಜಗ್ಗಿದ. ನಾನು ಬಿಸಿಲಿಗೆ ಬಂದು ಬಿದ್ದೆ, ನನ್ನ ಹಿಂದೆಯೇ ಅಕ್ಕ ಬಂದಳು.

ಅಪ್ಪ ಬೈಯಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಸೇರು ತೆಗೆದುಕೊಂಡು ಕಾಳಿನ ರಾಶಿಯ ಪಕ್ಕ ಅಳೆಯಲು ಕೂತ. ನಮ್ಮಲ್ಲಿ ಕಾಳು ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಲಾಭ, ಎರಡು, ಮೂರು, ಹೀಗೆ. ಅಪ್ಪ ಖಾಲಿ ಸೇರನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟು "ಲಾಭ" ಎಂದ. ಆಮೇಲೆ ಸೇರು ತುಂಬಿ ಸುರಿದು "ಎರಡು" ಎಂದ.

ಈಗ ನಿಮ್ಮ ವಿಜ್ಞಾನ ಪುಸ್ತಕದ ಮೊದಲ ಪಾಠದಲ್ಲಿ ಅಳತೆ, ದ್ರವ್ಯ, ಶಕ್ತಿ ಎಂದು ಬರೆದಿದೆ. ದ್ರವ್ಯ ಜಾಗ ಹಿಡಿಯುತ್ತದೆ, ಅದಕ್ಕೆ ತೂಕವಿದೆ, ಗಾಳಿಯೂ ದ್ರವ್ಯವೇ ಎಂದು ನೀವು ಫ್ಯಾನಿನ ಕೆಳಗೆ ಕೂತು ಬಾಯಿಪಾಠ ಮಾಡುತ್ತೀರಿ. ನಾನು ಅದನ್ನು ಎದೆಯಿಂದ ಕಲಿತೆ. ಕಾಳಿಗೂ ಜೀವವಿದೆ, ಅದೂ ಉಸಿರಾಡಿ ಗಾಳಿ ಕೆಡಿಸುತ್ತದೆ, ಬಿಸಿಯನ್ನೂ ಹೊರಗೆ ಬಿಡುತ್ತದೆ ಎಂದು ಹೈಸ್ಕೂಲಿನಲ್ಲಿ ಗುರುಗಳು ಹೇಳಿದಾಗಲೇ ಹಗೇವಿನ ಬಿಸಿಯ ಗುಟ್ಟು ತಿಳಿಯಿತು. ಆ ಕೆಟ್ಟ ಗಾಳಿ ಒಳ್ಳೆಯ ಗಾಳಿಗಿಂತ ಭಾರ, ಅದಕ್ಕೇ ತಳದಲ್ಲಿ ಕೂರುತ್ತದೆ. ಹಳೆಯ ಬಾವಿ, ಮುಚ್ಚಿದ ನೀರಿನ ಟಾಕಿ ಕಂಡರೆ ಬಗ್ಗಿ ನೋಡುವ ಚಾಳಿ ನಿಮಗಿದೆ, ಅದನ್ನು ಇವತ್ತೇ ಬಿಡಿ.

ಹಗೇವು ಎಂದೋ ಮುಚ್ಚಿಹೋಯಿತು, ಅದರ ಮೇಲೆ ಈಗ ನಿಮ್ಮ ಸೈಕಲ್ಲು ನಿಂತಿರುತ್ತದೆ. ಜೋಳ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ. ನಿಮ್ಮ ಅವ್ವನ ಅಡುಗೆಮನೆಯ ತಕ್ಕಡಿ ಗುಂಡಿ ಒತ್ತಿದರೆ ಸೊನ್ನೆ ತೋರಿಸಿ ಎಣಿಕೆ ಶುರು ಮಾಡುತ್ತದೆ. ನನಗೆ ಮಾತ್ರ ಸೊನ್ನೆಯಿಂದ ಎಣಿಸುವುದು ರೂಢಿಯಾಗಲೇ ಇಲ್ಲ. ಸಂಜೆ ಶಾಲೆಯಿಂದ ನೀವು ಬರುವಾಗ ಬಾಗಿಲಲ್ಲಿ ತಲೆ ಮುಟ್ಟಿ ಅಜ್ಜ ಏನೋ ಗೊಣಗುತ್ತಾನೆ ಎಂದು ಇಬ್ಬರೂ ನಗುತ್ತೀರಲ್ಲ, ಆಗ ನಾನು ಎಣಿಸುತ್ತಿರುತ್ತೇನೆ. ಮೊದಲು ಒಳಗೆ ಬಂದವರು ಲಾಭ. ಹಿಂದೆ ಬಂದವರು ಎರಡು. ಎರಡು ಅನ್ನುವ ತನಕ ನಾನು ಬಾಗಿಲು ಬಿಟ್ಟು ಏಳುವುದಿಲ್ಲ.