ಪೊಲೀಸೂ ಅಲ್ಲ, ಲಾಯರೂ ಅಲ್ಲ

ಜೂನ್ ಎಂಟು, ಭಾನುವಾರ, ಬೆಳಿಗ್ಗೆ ಏಳೂಕಾಲು. ಮಾಕಳಿ.

ಅಪರಾಧಶಾಸ್ತ್ರ ಓದುವವರಿಗೆ ತಾಳ್ಮೆ ಬೇಕು, ಮುಖ್ಯವಾಗಿ ನೆಂಟರ ಮುಂದೆ. "ಮುಂದೆ ಏನಾಗ್ತೀಯ?" ಎಂದು ಕೇಳಿ ತಾವೇ ಉತ್ತರ ಕೊಟ್ಟವರ ಲೆಕ್ಕ ನನ್ನ ಡೈರಿಯಲ್ಲಿದೆ: ಪೊಲೀಸ್ ಎಂದವರು ಹದಿನಾಲ್ಕು, ಲಾಯರ್ ಎಂದವರು ಆರು. ಒಬ್ಬ ಅಜ್ಜಿಯಂತೂ ನಾನೇ ಏನೋ ಮಾಡಿ ಸಿಕ್ಕಿಬಿದ್ದಿದ್ದೇನೆಂದು ತಿಳಿದು, "ಹೋಗ್ಲಿ ಬುಡವ್ವ, ವಯಸ್ಸು" ಎಂದು ತಲೆ ಸವರಿದರು.

ಎಂ.ಎ. ಮುಗಿದಿದೆ. ಕೈಯಲ್ಲಿ ಎರಡು ಕೆಲಸಗಳಿದ್ದವು; ನಾಳೆ ಸಂಜೆಯೊಳಗೆ ಒಂದಕ್ಕೆ ಒಪ್ಪಿಗೆ ಬರೆಯಬೇಕಿತ್ತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಭದ್ರತಾ ಅಧಿಕಾರಿಯಾಗಿ ಗೇಟಿನಲ್ಲಿ ಚೀಲ ತಪಾಸಣೆ ಮಾಡುವುದು ಒಂದು. ಇನ್ನೊಂದು ಕೊಪ್ಪಳದ ಹಳ್ಳಿಗಳಲ್ಲಿ, ಕಾನೂನು ನೆರವಿನ ಸಂಸ್ಥೆಯದು: ಜಗಳ ಹೊತ್ತು ಬಂದವರ ಮಾತು ಕೇಳಿ, ಯಾವುದು ಠಾಣೆಗೆ ಹೋಗಬೇಕು, ಯಾವುದು ಜಗಲಿಯಲ್ಲೇ ಮುಗಿಯುತ್ತದೆ ಎಂದು ಬೇರ್ಪಡಿಸುವುದು. ಒಂದು ವರ್ಷದ ಗುತ್ತಿಗೆ.

ಅಪ್ಪನಿಗೆ ಪೀಣ್ಯವೇ ಇಷ್ಟ. "ಮೆಟ್ರೋದಾಗೆ ಹೋಗಿ ಬತ್ತೀಯ. ಕೊಪ್ಪಳಕ್ಕೋದ್ರೆ ಪೊಲೀಸೂ ಅಲ್ಲ, ಲಾಯರೂ ಅಲ್ಲ. ಜನಕ್ಕೆ ಏನಂತ ಹೇಳ್ಲಿ?"

ನಿನ್ನೆ ನಮ್ಮ ವಠಾರದ ಬಾಡಿಗೆದಾರರಾದ ಲಕ್ಷ್ಮಕ್ಕನ ಕುಕ್ಕರ್ ಕಾಣೆಯಾಯಿತು. ಅಮ್ಮ ಹೆಮ್ಮೆಯಿಂದ ನನ್ನನ್ನೇ ಕಳಿಸಿದರು. ಸ್ಥಳ ಪರೀಕ್ಷೆ, ಸಾಕ್ಷಿಗಳ ಹೇಳಿಕೆ ಎಲ್ಲ ಕ್ರಮವಾಗಿ ಮುಗಿಸಿ ಶಂಕಿತರ ಪಟ್ಟಿಗೆ ಬರುವಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಕುಕ್ಕರ್ ಕೂಗಿತು. ಅಲ್ಲಿರುವವರು ರಾಯಚೂರು ಕಡೆಯ ಯಲ್ಲವ್ವ.

"ಬಾಗಿಲ ತೆರದಿತ್ತು, ಒಯ್ದೆ. ಮೊನ್ನೆ ಆಕಿ ನನ್ನ ರೊಟ್ಟಿ ಹಂಚ ಒಯ್ದಿದ್ಲು. ಇದಕ್ಕೂ ಹೇಳಿಕಿ ಬರಕೋತಿಯೇನವ್ವಾ?"

"ಓ, ನೀನಾ?" ಎಂದರು ಲಕ್ಷ್ಮಕ್ಕ. "ಬೇಳೆ ಬೆಂದ್ಮೇಲೆ ಕೊಡು."

ಅದೇ ಕುಕ್ಕರ್, ಅದೇ ತೆರೆದ ಬಾಗಿಲು. ನಿನ್ನೆ ಮೊನ್ನೆ ಬಂದ ಹೊಸ ಬಾಡಿಗೆದಾರರು ಯಾರಾದರೂ ಒಯ್ದಿದ್ದರೆ ಕಳ್ಳತನವಾಗುತ್ತಿತ್ತು. ಜನರ ನಡುವಿನ ಕೊಡುಕೊಳ್ಳುವ ರೂಢಿಗಳ ಬಗ್ಗೆ ನಮ್ಮ ಪುಸ್ತಕದಲ್ಲಿ ಇಡೀ ಅಧ್ಯಾಯವೇ ಇತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದೆ. ಕಾರ್ಖಾನೆಯ ಗೇಟಿನಲ್ಲಿ ಇಂಥ ಪ್ರಶ್ನೆಯೇ ಏಳದು. ಚೀಲದಲ್ಲಿ ನಟ್ಟು ಸಿಕ್ಕರೆ ಅಲ್ಲಿಗೆ ಮುಗಿಯಿತು. ನನಗೆ ಅಷ್ಟು ಬೇಗ ಮುಗಿಯದ ಕೆಲಸ ಬೇಕು.

ಹೀಗೆಂದು ಈಗಷ್ಟೇ ಅಪ್ಪನಿಗೆ ಹೇಳಿದೆ. ಅವರು ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ, "ಪಂಚಾಯ್ತಿ ಮಾಡೋಳು ಅನ್ನು. ಅಂಗಂದ್ರೆ ಜನಕ್ಕೆ ಗೊತ್ತಾಯ್ತದೆ" ಎಂದರು.

ಕೊಪ್ಪಳಕ್ಕೆ ಒಪ್ಪಿಗೆ ಬರೆದಾಯಿತು. ಗುತ್ತಿಗೆ ಮುಗಿದ ಮೇಲೆ ಇಂಥ ಕೆಲಸದವರು ಎಲ್ಲಿಗೆ ಹೋಗುತ್ತಾರೋ ನನಗೆ ತಿಳಿಯದು. ಹಳ್ಳಿಗಳಲ್ಲಿ ಈ ಕೆಲಸ ಮಾಡಿದವರು ಯಾರಾದರೂ ಪತ್ರಿಕೆಯಲ್ಲಿ ಇದನ್ನು ಓದಿದರೆ ದಯವಿಟ್ಟು ನಾಲ್ಕು ಸಾಲು ಬರೆಯಿರಿ. ಸಂಬಳದ ವಿಷಯ ಮಾತ್ರ ಬೇಡ. ನಮ್ಮ ಮನೆಯಲ್ಲಿ ಟಪಾಲನ್ನು ಮೊದಲು ಒಡೆಯುವವರು ಅಪ್ಪ.