ಹಿಂದಿನ ಗೇಟಿನ ಬೀಗ

ನಿನ್ನೆ ನಮ್ಮ ನೋಯ್ಡಾ ಅಪಾರ್ಟ್‌ಮೆಂಟಿನ ಹಿಂದಿನ ಗೇಟಿಗೆ ಹೊಸ ಬೀಗ ಬಿತ್ತು. ತೆಂಗಿನಕಾಯಿಯಷ್ಟು ದಪ್ಪದ್ದು, ಇನ್ನೂ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. "ಯೇ ಕ್ಯೋಂ, ಭಯ್ಯಾ?" ಇದ್ಯಾಕಪ್ಪಾ ಎಂದು ಕಾವಲಿನವನನ್ನು ಕೇಳಿದೆ. "ಸೆಕ್ಯುರಿಟಿ, ಮೇಡಂ" ಎಂದ. ಚಾಬಿ ಸೆಕ್ರೆಟರಿ ಸಾಹೇಬರ ಹತ್ತಿರ ಇದೆಯಂತೆ. ಸಾಹೇಬರು ಗುರ್‌ಗಾಂವಿನ ಆಫೀಸಿನಲ್ಲಂತೆ. ಈ ಸೆಕ್ಯುರಿಟಿ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ ಅಂತೀರಾ? ಬನ್ನಿ, ಸರೋಜಿನಿ ನಗರದ ನಮ್ಮ ಹಳೆಯ ಸರ್ಕಾರಿ ಕ್ವಾರ್ಟರ್ಸಿಗೆ ಒಮ್ಮೆ ಹೋಗಿ ಬರೋಣ.

ಅಲ್ಲಿ ನಮ್ಮ ಎದುರು ಮನೆಯಲ್ಲಿ ಮೈಸೂರಿನ ರಾಯರು, ಅವರ ಹೆಂಡತಿ ಪದ್ಮಕ್ಕ. ರಾಯರು ಕೇಂದ್ರದ ಯಾವುದೋ ಸಚಿವಾಲಯದಲ್ಲಿ ದೇಶದ ಭದ್ರತೆಯ ಫೈಲು ನೋಡುತ್ತಿದ್ದರು. ಯಾವ ಸಚಿವಾಲಯ ಅಂದರೆ ದನಿ ತಗ್ಗಿಸುತ್ತಿದ್ದರು; ನಮ್ಮ ಹಾಲಿನವನಿಗೂ ಗೊತ್ತಿದ್ದ ಗುಟ್ಟು ಅದು. ಊಟಕ್ಕೆ ಕೂತರೂ ಗಡಿಯದೇ ಮಾತು. ಸಾರಿನ ಬಟ್ಟಲು ಒಂದು ದೇಶ, ಪಲ್ಯ ಇನ್ನೊಂದು, ನಡುವೆ ಹಪ್ಪಳದ ಸೈನ್ಯ. "ಮೊದಲು ದೇಶ, ಆಮೇಲೆ ನಾವು ನೀವು" ಎಂದು ಹಪ್ಪಳ ಮುರಿಯುವರು. "ಮೊದಲು ಮೊಸರು ಹಾಕ್ಕೊಳ್ಳಿ, ಆಮೇಲೆ ಯುದ್ಧ" ಎಂದು ಪದ್ಮಕ್ಕ ಗದರುವರು.

ಕಾಲನಿ ಸಂಘದ ಕಾರ್ಯದರ್ಶಿಯೂ ಇದೇ ಮಹಾನುಭಾವರು. ಜನವರಿ ಬಂತೋ, ಗಣರಾಜ್ಯೋತ್ಸವದ ಪರೇಡಿನ ನೆಪ ಹೇಳಿ ಹಿಂದಿನ ಗೇಟಿಗೆ ಬೀಗ ಜಡಿದು, ಕೀಯನ್ನು ತಮ್ಮ ಆಫೀಸು ಬ್ಯಾಗಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದರು. ಆ ಗೇಟು ದಾಟಿದರೆ ಎದುರಿಗೇ ಡಿಸ್ಪೆನ್ಸರಿ. ಮುಂದಿನ ಗೇಟಿನಿಂದಾದರೆ ಮಾರ್ಕೆಟ್ಟಿನ ನೂಕುನುಗ್ಗಲು, ಬ್ಯಾರಿಕೇಡು ಎಲ್ಲ ಸುತ್ತಬೇಕು. ಕೇಡಿಗರು ಹಿಂದಿನಿಂದಲೇ ಬರುತ್ತಾರೆ ಅಂತ ಇವರಿಗೆ ಹೇಳಿದವರು ಯಾರೋ! ಮುಂದಿನ ಗೇಟಂತೂ ದಿನವಿಡೀ ಹಾರು ಹೊಡೆದುಕೊಂಡಿರುತ್ತಿತ್ತು.

ದಿಲ್ಲಿಯ ಚಳಿಗೆ ಪದ್ಮಕ್ಕನಿಗೆ ಉಬ್ಬಸ ಕೆರಳುತ್ತಿತ್ತು. ಒಂದು ಬೆಳಿಗ್ಗೆ, ರಾಯರು ಆಫೀಸಿಗೆ ಹೋದ ಮೇಲೆ, ನಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ಮಾತು ಹೊರಡುತ್ತಿಲ್ಲ, ತುಟಿ ನೀಲಿಗಟ್ಟಿದೆ. ಮುಂದಿನ ಗೇಟಿನಿಂದ ಬಳಸಿ ಹೋಗುವಷ್ಟು ನಡೆಯುವ ಸ್ಥಿತಿಯೇ ಇಲ್ಲ. ಹಿಂದಿನ ಗೇಟಿಗೇ ಕರೆತಂದೆ. ಬೀಗ! "ಚಾಬಿ ರಾವ್ ಸಾಬ್ ಕೇ ಪಾಸ್ ಹೈ" ಎಂದ ಕಾವಲಿನವನು. ರಾಯರ ಮೊಬೈಲು ಆಫ್. ಆಫೀಸಿಗೆ ಮಾಡಿದರೆ, ಸಾಹೇಬರು ಭದ್ರತೆಯ ಸೆಮಿನಾರಿನಲ್ಲಿದ್ದಾರೆ, ಕರೆಯುವ ಹಾಗಿಲ್ಲ ಎಂಬ ಉತ್ತರ. ಅವರ ಹೆಂಡತಿಗೆ ಉಸಿರು ನಿಲ್ಲುತ್ತಿದೆ ಕಣಯ್ಯಾ ಎಂದು ಫೋನಿನಲ್ಲಿ ಕನ್ನಡದಲ್ಲೇ ಕಿರುಚಿದೆ. ಗೇಟಿನ ಆಚೆ ನಿಂತಿದ್ದ ತರಕಾರಿ ಗಾಡಿಯವನಿಗೆ ನನ್ನ ಭಾಷೆ ಬರದಿದ್ದರೂ ಅರ್ಥವಾಯಿತು. "ಹಟಿಯೇ, ದೀದಿ" ಎಂದು ಸರಿಯಲು ಹೇಳಿ, ತಕ್ಕಡಿಯ ದೊಡ್ಡ ತೂಕದ ಬಟ್ಟು ಎತ್ತಿ ಬೀಗ ಜಜ್ಜಿ ಹಾಕಿದ. ಕಾವಲಿನವನು, ಪುಣ್ಯಾತ್ಮ, ಆಕಾಶ ನೋಡುತ್ತ ನಿಂತಿದ್ದ.

ಇಷ್ಟು ತಡ ಮಾಡುವುದೇ ಎಂದು ಡಿಸ್ಪೆನ್ಸರಿಯ ಡಾಕ್ಟರು ಬೈದದ್ದು ನನಗೆ!

ಸಂಜೆ ಪದ್ಮಕ್ಕನನ್ನು ದಿಂಬಿಗೆ ಒರಗಿಸಿ ಗಂಜಿ ಕುಡಿಸುತ್ತಿದ್ದೆ. ರಾಯರು ಸೆಮಿನಾರಿನಲ್ಲಿ ಕೊಟ್ಟ ಸೆಣಬಿನ ಚೀಲ ಬೀಸುತ್ತ ಒಳಗೆ ಬಂದರು. "ಏನ್ ಮಾತಾಡಿದ್ರು ಗೊತ್ತಾ! ಇನ್ಮೇಲೆ ಭದ್ರತೆ ಅಂದ್ರೆ ಬರೀ ಗಡಿ ಅಲ್ಲ. ಒಬ್ಬೊಬ್ಬರ ಊಟ, ಆರೋಗ್ಯ, ನೆಮ್ಮದಿ, ಎಲ್ಲಾನೂ ಭದ್ರತೇನೇ. ಜನಾನೇ ಕೇಂದ್ರ!" ಅದೇ ಉಸಿರಿನಲ್ಲಿ, "ಅದಿರ್ಲಿ, ಗೇಟಿನ ಬೀಗ ಒಡೆದೋರು ಯಾರು?"

ನನಗೆ ಬಂದ ಸಿಟ್ಟಿಗೆ ಆ ಚೀಲವನ್ನು ಅವರ ತಲೆಗೇ ಕವುಚಬೇಕೆನಿಸಿತು. ಪದ್ಮಕ್ಕ ಮಾತ್ರ ಏದುಸಿರಿನಲ್ಲೇ ಕೇಳಿದರು: "ಆ ಜನದಲ್ಲಿ ನಾನೂ ಬರ್ತೀನೇನ್ರೀ?"

ರಾಯರು ಆಗ ಹೆಂಡತಿಯ ಮುಖ ನೋಡಿದರು. ನಾನು ಆದದ್ದನ್ನೆಲ್ಲ ಹೇಳಿದೆ, ಬೈಗುಳ ಸಮೇತ. ಚೀಲ ಕೆಳಗಿಟ್ಟು ಹೆಂಡತಿಯ ಕಾಲ ಬುಡದಲ್ಲಿ ಕೂತು, ಗಂಜಿಯ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡರು.

ಹುಟ್ಟುಗುಣ ಸುಟ್ಟರೂ ಹೋಗದು. ಮರುದಿನ ಇನ್ನೂ ದೊಡ್ಡ ಬೀಗ ತಂದರು. ಆದರೆ ಕೀಯನ್ನು ಪದ್ಮಕ್ಕನ ಕೈಗಿಟ್ಟರು. ಅವರು ಅದನ್ನು ಸೆರಗಿಗೆ ಗಂಟು ಹಾಕಿಕೊಂಡರು. ಸ್ಕೂಲಿನ ಮಕ್ಕಳು, ಬಸುರಿಯರು, ಮಂಡಿನೋವಿನವರು, ಎಲ್ಲರೂ "ಆಂಟೀ, ಚಾಬೀ!" ಎಂದು ಕೂಗುವರು. ಪದ್ಮಕ್ಕ ಗೊಣಗುತ್ತಲೇ ತೆಗೆಯುವರು. ಕೊನೆಗೆ ಬೀಗ ಹೆಸರಿಗಷ್ಟೇ ತೂಗಾಡುತ್ತಿತ್ತು. ದೇಶಕ್ಕೇನೂ ಆಗಲಿಲ್ಲ.

ನಿನ್ನೆ ಸಂಜೆ ನಾನೂ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಸೆಕ್ರೆಟರಿಯ ಕಾರು ಬಂತು. "ಆಂಟೀಜಿ, ಸೆಕ್ಯುರಿಟಿ ಕಾ ಮಾಮ್ಲಾ ಹೈ" ಎಂದ ಆ ಹುಡುಗ.

"ಅಚ್ಛಾ. ಕಿಸ್ಕೀ ಸೆಕ್ಯುರಿಟಿ, ಬೇಟಾ?" ಎಂದೆ. ಯಾರ ಸೆಕ್ಯುರಿಟಿಯಪ್ಪಾ?

ಅವನು ಬೀಗದ ಕೀ ನನ್ನ ಕೈಗಿಡುವವರೆಗೂ ನಾನು ಏಳಲಿಲ್ಲ. ಅದೀಗ ನನ್ನ ಸೆರಗಿನ ಗಂಟಿನಲ್ಲಿದೆ. ಅಗೋ, ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಇರಿ, ಗೇಟು ತೆಗೆದು ಬರುತ್ತೇನೆ.