ಸಿಂಬಿಯಲ್ಲಿ ಕೂತ ಮೊಲ

ನಮ್ಮ ತಾತ ಮುರಿದ ಮೂಳೆ ಕಟ್ಟುತ್ತಿದ್ದರು. ಜಡಿಗೇನಹಳ್ಳಿಯ ಸುತ್ತಮುತ್ತ ಯಾರು ಮರದಿಂದ ಬಿದ್ದರೂ, ಯಾರ ಕಾಲಿನ ಮೇಲೆ ಗಾಡಿಯ ಚಕ್ರ ಹರಿದರೂ ನಮ್ಮ ಮನೆಯ ಜಗಲಿಗೇ ತಂದು ಮಲಗಿಸುತ್ತಿದ್ದರು. ಬಿದಿರಿನ ದಬ್ಬೆ ಸೀಳುವುದು, ಹಳೆಯ ಪಂಚೆಯನ್ನು ಉದ್ದುದ್ದ ಪಟ್ಟಿಯಾಗಿ ಹರಿಯುವುದು, ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಹಾಕಿ ಕಲಸುವುದು, ಇವು ನನ್ನ ಕೆಲಸ. ಹದಿನಾಲ್ಕು ತುಂಬುವ ಹೊತ್ತಿಗೆ ಕೋಳಿಯ ಕಾಲು, ಕುರಿಮರಿಯ ಕಾಲು ಕಟ್ಟುವುದು ನನಗೆ ಬರುತ್ತಿತ್ತು. ಉಳಿದದ್ದೂ ಬರುತ್ತದೆ ಎಂದೇ ನಾನು ತಿಳಿದಿದ್ದೆ.

ಆಗ ದೊಡ್ಡ ಯುದ್ಧದ ಕಾಲ. ನಮ್ಮೂರಿನವರೇ ಒಬ್ಬರು ಬೆಂಗಳೂರಿನ ದಂಡು ಪ್ರದೇಶದಲ್ಲಿ, ಒಬ್ಬ ದೊರೆಯ ಬಂಗಲೆಯಲ್ಲಿ ಬಟ್ಲರ್ ಆಗಿದ್ದರು. ನಾನು ಅವರನ್ನು ಬಟ್ಲರ್ ಮಾವ ಎಂದು ಕರೆಯುತ್ತಿದ್ದೆ. ದೊರೆಗೆ ಎಲ್ಲಿಗೋ ವರ್ಗವಾಗಿ, ಬಂಗಲೆ ಖಾಲಿ ಮಾಡಿದಾಗ ಮಾವ ಊರಿಗೆ ಬಂದರು. ಜೊತೆಯಲ್ಲಿ ಒಂದು ಬುಟ್ಟಿ. ಬುಟ್ಟಿಯಲ್ಲಿ ಒಂದು ಬಿಳಿಯ ಸೀಮೆ ಮೊಲ.

“ದೊರೆ ಮಕ್ಳು ಸಾಕಿದ್ದು. ಸಾಕ್ಕೊಂತೀನಿ ಅಂದ್ರೆ ಸಾಕ್ಕೊ ಮಗಾ. ಬ್ಯಾಡ ಅಂದ್ರೆ ನಿಮ್ಮಮ್ಮಂಗೆ ಕೊಡು, ಸಾರು ಮಾಡ್ತಾಳೆ” ಅಂದರು.

ನಾನು ಬುಟ್ಟಿಯನ್ನು ಕಿತ್ತುಕೊಂಡೆ. ಹೊಲದ ಬದುವಿನಲ್ಲಿ ಕಂದು ಮೊಲ ಓಡುವುದನ್ನು ನೋಡಿದ್ದೆನೇ ಹೊರತು, ಮಡಿಲಿನಲ್ಲಿ ಕೂತು ಅಂಗೈ ಮೂಸುವ ಮೊಲವನ್ನು ನಾನು ನೋಡಿರಲಿಲ್ಲ. ಅದು ಮನೆಯಲ್ಲೆಲ್ಲ ಓಡಾಡಿಕೊಂಡು, ಒಲೆಯ ಪಕ್ಕದ ಸೌದೆ ಮೂಲೆಯನ್ನು ತನ್ನದು ಮಾಡಿಕೊಂಡಿತು. ಅಮ್ಮ ಸೊಪ್ಪು ಬಿಡಿಸಲು ಕೂತರೆ ದಂಟುಗಳೆಲ್ಲ ಅದರ ಪಾಲು. ಒಂದು ಮಳೆಗಾಲ ಹೀಗೇ ಕಳೆಯಿತು.

ಕಾರ್ತಿಕದ ಒಂದು ಬೆಳಿಗ್ಗೆ ಸೌದೆ ಮೂಲೆಯಲ್ಲಿ ದಡಬಡ ಸದ್ದಾಯಿತು. ಹೋಗಿ ನೋಡಿದರೆ ಮೊಲ ಪಕ್ಕಕ್ಕೆ ಬಿದ್ದು ಒದ್ದಾಡುತ್ತಿದೆ. ಎತ್ತಿ ನಿಲ್ಲಿಸಿದೆ. ತಲೆ ಬಲಕ್ಕೆ ಪೂರ್ತಿ ತಿರುಚಿಕೊಂಡಿತ್ತು. ಒಂದು ಕಣ್ಣು ನೆಲ ನೋಡುತ್ತಿತ್ತು, ಇನ್ನೊಂದು ಸೂರು ನೋಡುತ್ತಿತ್ತು. ಕೈಬಿಟ್ಟ ಕೂಡಲೇ ಮರದ ಕೊರಡಿನಂತೆ ಉರುಳಿ ಉರುಳಿ ಗೋಡೆಗೆ ಬಡಿಯಿತು.

ಅಮ್ಮ ಸೌಟು ಹಿಡಿದುಕೊಂಡೇ ಬಂದಳು. “ಅಯ್ಯೋ, ಏನೋ ಗಾಳಿ ಬಡಕೊಂಡೈತೆ ಕಣೇ. ಹಿತ್ಲಿಗೆ ಬಿಡು, ಒಳಗಿಟ್ಕೋಬ್ಯಾಡ.”

“ಏನೂ ಬಡಕೊಂಡಿಲ್ಲಮ್ಮಾ. ಸೌದೆ ಮೇಲಿಂದ ಬಿದ್ದು ಕತ್ತು ಉಳುಕೈತೆ. ನಾನು ಕಟ್ತೀನಿ.”

ತಾತ ಊರಲ್ಲಿರಲಿಲ್ಲ. ಹುಣಸೆಮರದಿಂದ ಬಿದ್ದವನೊಬ್ಬನನ್ನು ನೋಡಲು ದೂರದ ಊರಿಗೆ ಹೋಗಿದ್ದರು. ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲವೇನೋ. ಎರಡು ತೆಳು ದಬ್ಬೆ ಸೀಳಿದೆ, ಅಂಚು ನಯಮಾಡಿದೆ, ಅರಳೆ ಸುತ್ತಿದೆ. ಮೊಲವನ್ನು ತೊಡೆಯ ನಡುವೆ ಹಿಡಿದು, ತಲೆಯನ್ನು ಮೆಲ್ಲಗೆ ನೆಟ್ಟಗೆ ತಂದು, ಎರಡೂ ಕಡೆ ದಬ್ಬೆ ಇಟ್ಟು ಪಟ್ಟಿ ಸುತ್ತಿದೆ. ಕಟ್ಟು ನೋಡಲು ಬಹಳ ಚೆನ್ನಾಗಿತ್ತು. ತಾತ ಬಂದಾಗ ತೋರಿಸಬೇಕು ಎಂದುಕೊಂಡೆ.

ನೆಲಕ್ಕೆ ಬಿಟ್ಟ ತಕ್ಷಣ ಮೊಲಕ್ಕೆ ಹುಚ್ಚು ಹಿಡಿದಂತಾಯಿತು. ಮೊದಲು ಎರಡು ಉರುಳು ಉರುಳುತ್ತಿದ್ದದ್ದು ಈಗ ನಿಲ್ಲದೆ ಉರುಳಿತು. ಕಾಲುಗಳು ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತಿದ್ದವು. ಎತ್ತಿಕೊಂಡರೆ ಅದರ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ನನ್ನ ಬೆರಳೂ ಅದುರುತ್ತಿತ್ತು. ಅಭ್ಯಾಸವಾದರೆ ಸುಮ್ಮನಾಗುತ್ತದೆ ಎಂದು ಮಧ್ಯಾಹ್ನದವರೆಗೆ ಹಿಡಿದುಕೊಂಡು ಕೂತೆ. ಒಂದು ಎಸಳು ಗರಿಕೆ ಸಹ ಮುಟ್ಟಲಿಲ್ಲ.

ಊಟದ ಹೊತ್ತಿಗೆ ತಾತ ಬಂದರು. ಕಾಲು ತೊಳೆದು ಒಳಗೆ ಬಂದವರು ನನ್ನ ಮಡಿಲನ್ನು ನೋಡಿದರು. ಪಕ್ಕದಲ್ಲಿ ಕೂತು, ಪಟ್ಟಿ ಬಿಚ್ಚಿ, ದಬ್ಬೆ ತೆಗೆದಿಟ್ಟರು. ತಲೆ ಮತ್ತೆ ಬಲಕ್ಕೆ ಹೊರಳಿತು. ಮೊಲ ಸ್ವಲ್ಪ ಸುಮ್ಮನಾಯಿತು. ತಾತ ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳುಗಳಲ್ಲಿ ಕತ್ತಿನ ಒಂದೊಂದು ಗಂಟನ್ನೂ ಮುಟ್ಟಿ ನೋಡಿದರು. ಅವರು ಹೀಗೆ ನೋಡುವಾಗ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

“ಮೂಳೆ ಸರಿಯಾಗೈತೆ ಮಗ. ನರವೂ ಊದಿಲ್ಲ” ಅಂದರು. “ಇದು ನನ್ನ ಕೈಗೆ ಸಿಗೋ ಕಾಯಿಲೆ ಅಲ್ಲ.”

“ಮತ್ತೆ ಕತ್ತು ತಿರುಗೈತಲ್ಲ ತಾತ?”

“ತಿರುಗೈತೆ. ಯಾಕೆ ತಿರುಗೈತೆ ಅಂತ ನಂಗೆ ಗೊತ್ತಿಲ್ಲ. ನಿಂಗೂ ಗೊತ್ತಿರ್ಲಿಲ್ಲ, ಆದ್ರೂ ಕಟ್ದೆ.”

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಊಟ ಮುಗಿಸಿ ಪೇಟ ಸುತ್ತಿಕೊಂಡು, “ನಡಿ, ಹೊಸಕೋಟೆಗೆ ಹೋಗಿ ದನದ ಡಾಕ್ಟ್ರನ್ನ ಕೇಳಾನ” ಅಂದರು. ನನಗೆ ಆಶ್ಚರ್ಯವಾಯಿತು. ನಮ್ಮ ಹೋಬಳಿಯಲ್ಲಿ ಮನುಷ್ಯರ ಡಾಕ್ಟರೇ ಕೆಲವು ಸಲ ತಾತನ ಹತ್ತಿರ ರೋಗಿಗಳನ್ನು ಕಳಿಸುತ್ತಿದ್ದರು. ತಾತ ಇನ್ನೊಬ್ಬರ ಬಾಗಿಲಿಗೆ ಹೋದದ್ದನ್ನು ನಾನು ಕಂಡಿರಲಿಲ್ಲ.

ಪೆಟ್ರೋಲ್ ಸಿಗದ ಕಾಲವಾದ್ದರಿಂದ ಬಸ್ಸುಗಳು ಇದ್ದಲಿನ ಮೇಲೆ ಓಡುತ್ತಿದ್ದವು. ಹಿಂದುಗಡೆ ಒಂದು ದೊಡ್ಡ ಒಲೆ. ದಿಣ್ಣೆ ಬಂದರೆ ಇಳಿದು ನಡೆಯಬೇಕು. ನಾನು ಬುಟ್ಟಿ ತಬ್ಬಿಕೊಂಡು ಅರ್ಧ ದಾರಿ ನಡೆದೇ ಹೊಸಕೋಟೆ ತಲುಪಿದೆ ಅನ್ನಬಹುದು.

ದನದ ಆಸ್ಪತ್ರೆಯ ಮುಂದೆ ಎತ್ತುಗಳು, ಒಂದು ಬಸುರಿ ಎಮ್ಮೆ. ಡಾಕ್ಟರು ಚಿಕ್ಕ ವಯಸ್ಸಿನವರು, ತೋಳು ಮಡಿಚಿದ ಖಾಕಿ ಅಂಗಿ. ಬುಟ್ಟಿಯೊಳಗೆ ಇಣುಕಿ ನಕ್ಕುಬಿಟ್ಟರು.

“ಮೊಲಕ್ಕೆ ಔಷಧಿ ಕೊಟ್ಟೋನಲ್ಲ ಯಜಮಾನರೇ ನಾನು.”

“ನಾನೂ ಕಟ್ಟಿದೋನಲ್ಲ ಸ್ವಾಮಿ. ಮೂಳೆ ನೆಟ್ಟಗೈತೆ, ಅಷ್ಟು ಹೇಳಬಲ್ಲೆ. ಮಿಕ್ಕಿದ್ದು ನೀವು ನೋಡಿ” ಅಂದರು ತಾತ.

ಆ ಮಾತಿಗೆ ಡಾಕ್ಟರು ನಗು ನಿಲ್ಲಿಸಿ, ಮೊಲವನ್ನು ಮೇಜಿನ ಮೇಲೆ ಇಟ್ಟುಕೊಂಡರು. ಬ್ಯಾಟರಿ ಬಿಟ್ಟು ಬಲಗಿವಿಯೊಳಗೆ ತುಂಬ ಹೊತ್ತು ನೋಡಿದರು. ಹತ್ತಿ ಸುತ್ತಿದ ಕಡ್ಡಿ ಹಾಕಿ ತೆಗೆದರೆ ಹಳದಿ ಕೀವು. ನಾಯಿಗಳಲ್ಲಿ ಇಂಥದ್ದನ್ನು ಕಂಡಿದ್ದೇನೆ ಎಂದು ಹೇಳಿ ನನ್ನ ಕಡೆ ತಿರುಗಿದರು.

“ಕಿವಿ ಬರೀ ಕೇಳೋಕಲ್ಲಮ್ಮ. ಯಾವುದು ಮೇಲೆ, ಯಾವುದು ಕೆಳಗೆ ಅಂತ ಹೇಳೋದೂ ಕಿವಿಯ ಒಳಗಡೆಯೇ ಇದೆ. ಅದು ಕೆಟ್ಟಿದೆ. ಈಗ ಇದಕ್ಕೆ ನೆಲವೇ ಓರೆಯಾಗಿದೆ.”

ತಾತ ಸ್ವಲ್ಪ ಯೋಚಿಸಿದರು. “ಹಂಗಾದ್ರೆ ನಾವು ಕತ್ತು ಹಿಡಿದು ನೆಟ್ಟಗೆ ಮಾಡಿದ್ರೆ, ಅದಕ್ಕೆ ತಳ್ಳಿ ಕೆಡವಿದಂಗೆ ಆಗುತ್ತೆ, ಅಲ್ವ್ರಾ?”

“ಸರಿಯಾಗಿ ಹೇಳಿದ್ರಿ!” ಅಂದರು ಡಾಕ್ಟರು.

ನಾನು ನೆಲ ನೋಡಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾನು ಮಾಡಿದ್ದು ಅದನ್ನೇ. ನಾಚಿಕೆಯಾಯಿತು, ನಿಜ. ಆದರೆ ಕಾರಣ ಗೊತ್ತಾದ ಮೇಲೆ ಮೊಲವನ್ನು ಹೇಗೆ ಹಿಡಿಯಬೇಕು ಎನ್ನುವುದೂ ನನಗೆ ಹೊಳೆದುಬಿಟ್ಟಿತು. ಅದು ಎತ್ತ ವಾಲುತ್ತದೋ ಅತ್ತ ಆಸರೆ ಕೊಡಬೇಕು, ಎಳೆಯಬಾರದು.

ಡಾಕ್ಟರು ಕಿವಿಗೆ ಬಿಡಲು ಒಂದು ಎಣ್ಣೆ ಕೊಟ್ಟರು. ಬೀರು ತೆಗೆದು ಕೆಲವು ಸಲ್ಫಾ ಮಾತ್ರೆ ಎಣಿಸಿ ಕಾಗದದಲ್ಲಿ ಸುತ್ತಿದರು. ಯುದ್ಧದ ದೆಸೆಯಿಂದ ಅದು ಮನುಷ್ಯರಿಗೇ ಸಿಗುವುದು ಕಷ್ಟವಾಗಿತ್ತು. “ಒಂದರಲ್ಲಿ ಕಾಲು ಭಾಗ, ಪುಡಿ ಮಾಡಿ ಎರಡು ಹೊತ್ತು. ಬದುಕಬಹುದು. ತಲೆ ಪೂರ್ತಿ ನೆಟ್ಟಗಾಗುತ್ತೆ ಅಂತ ಮಾತ್ರ ನಾನು ಹೇಳಲ್ಲ” ಅಂದರು.

ಮನೆಗೆ ಬಂದು ಮೊದಲು ಮಾಡಿದ ಕೆಲಸ ಸಿಂಬಿ. ನೀರಿನ ಕೊಡ ಅಲ್ಲಾಡದೆ ಕೂರಲೆಂದು ಅದರಡಿ ಇಡುವ ಹುಲ್ಲಿನ ಬಳೆ ಅದು. ರಾಗಿ ಹುಲ್ಲನ್ನು ದಪ್ಪಗೆ ಹೊಸೆದು, ಮೊಲದ ಮೈ ಹಿಡಿಸುವಷ್ಟು ದೊಡ್ಡದಾಗಿ ಸುತ್ತಿ, ಮೇಲೆ ಅಮ್ಮನ ಹಳೆಯ ಸೀರೆ ಹೊದಿಸಿದೆ. ಬಲಗಡೆ ಇನ್ನಷ್ಟು ಎತ್ತರ ಮಾಡಿದೆ. ಮೊಲವನ್ನು ಅದರಲ್ಲಿ ಕೂರಿಸಿದರೆ ಉರುಳಲು ಜಾಗವೇ ಇಲ್ಲ. ತಲೆಯನ್ನು ಅಂಚಿನ ಮೇಲೆ ಒರಗಿಸಿಕೊಂಡು ಅವತ್ತು ಮೊದಲ ಸಲ ನಿದ್ದೆ ಮಾಡಿತು.

ಇನ್ನು ತಿನ್ನಿಸುವುದು. ಬಟ್ಲರ್ ಮಾವ ನೋಡಲು ಬಂದವರು, “ಮೊಲದ ಹೊಟ್ಟೆ ಒಂದಿನ ಖಾಲಿ ಬಿಟ್ರೆ ಕೆಡ್ತು ಮಗಾ. ಕತ್ತಿನ ಯೋಚ್ನೆ ಆಮ್ಯಾಕೆ, ಮೊದ್ಲು ಹೊಟ್ಟೆ ನೋಡು” ಅಂದಿದ್ದರು. ಗರಿಕೆ, ಅಗಸೆ ಸೊಪ್ಪನ್ನು ಒರಳಲ್ಲಿ ನುಣ್ಣಗೆ ರುಬ್ಬಿ, ನೀರು ಬೆರೆಸಿ, ಕೂಸುಗಳಿಗೆ ಹಾಲು ಹಾಕುವ ಒಳಲೆಯಲ್ಲಿ ತುಂಬಿ ಬಾಯಿಯ ಪಕ್ಕದಿಂದ ಹನಿಹನಿಯಾಗಿ ಬಿಡುತ್ತಿದ್ದೆ. ನನ್ನನ್ನು ಸಾಕಿದ ಒಳಲೆ ಅದು. ಅಮ್ಮ ಮೊದಲು ಮುಖ ಸಿಂಡರಿಸಿದಳು, ಆಮೇಲೆ ತಾನೇ ತೊಳೆದು ಇಡತೊಡಗಿದಳು. ನೆಲಕ್ಕೆ ಒತ್ತಿಕೊಂಡಿದ್ದ ಕಣ್ಣಿಗೆ ದೂಳು ಸೇರದಂತೆ ಕಾಯಿಸಿ ಆರಿಸಿದ ನೀರಲ್ಲಿ ಒರೆಸುತ್ತಿದ್ದೆ.

ಮೊದಲ ಎರಡು ದಿನ ಹಿಕ್ಕೆಯೇ ಬೀಳಲಿಲ್ಲ. ಮೂರನೆಯ ದಿನ ಸೀರೆ ಕೊಡವಿದರೆ ನಾಲ್ಕು ಹಿಕ್ಕೆ, ಮೆಣಸಿನ ಕಾಳಿನಷ್ಟು. ಅಂಗೈಯಲ್ಲಿ ಇಟ್ಟುಕೊಂಡು ಜಗಲಿಗೆ ಓಡಿದೆ. ತಾತ ಯಾರದೋ ಮಣಿಕಟ್ಟು ನೋಡುತ್ತಿದ್ದರು.

“ತಾತ, ನೋಡಿ!”

“ಬೇಷ್! ಉಳೀತು ಬಿಡು” ಅಂದರು. ಮಣಿಕಟ್ಟಿನವನಿಗೆ ಏನೂ ಅರ್ಥವಾಗಲಿಲ್ಲ.

ಹತ್ತು ಹನ್ನೆರಡು ದಿನಕ್ಕೆ ಕೀವು ನಿಂತಿತು. ಇನ್ನೊಂದು ವಾರಕ್ಕೆ ಮೊಲ ಎದ್ದು ನಿಂತಿತು. ತಲೆ ಅರ್ಧ ಓರೆಯಾಗಿಯೇ ಇತ್ತು. ಹೊರಟರೆ ನೇರ ಹೋಗದೆ ಬಲಕ್ಕೆ ಸುತ್ತು ಹಾಕಿಕೊಂಡು ಹೋಗಿ, ಎರಡು ಮೂರು ಸುತ್ತಿನ ಮೇಲೆ ತಾನು ಮುಟ್ಟಬೇಕಾದ ಜಾಗ ಮುಟ್ಟುತ್ತಿತ್ತು. ನಾನು ಬಿಸಿಲಿಗೆ ಇರಲೆಂದು ಜಗಲಿಗೆ ಬಿಟ್ಟೆ. ಅಮ್ಮನಿಗೆ ಅದು ಸರಿಬರಲಿಲ್ಲ.

“ಮೂಳೆ ಕಟ್ಟೋರ ಮನೆ ಬಾಗ್ಲಲ್ಲಿ ಕತ್ತು ಸೊಟ್ಟ ಇರೋ ಮೊಲ! ನೋಡ್ದೋರು ಏನಂದ್ಕೊಂತಾರೆ? ಒಳಗೆ ತಕ್ಕೊಂಡು ಹೋಗೇ.”

ಅಮ್ಮ ಹೇಳಿದ್ದು ಸುಳ್ಳಾಗಲಿಲ್ಲ. ಒಂದು ದಿನ ಬೂದಿಗೆರೆ ಕಡೆಯಿಂದ ಗಾಡಿ ಬಂತು. ಭುಜದ ಕೀಲು ತಪ್ಪಿದ ಗಟ್ಟಿಮುಟ್ಟಾದ ರೈತ, ಜೊತೆಗೆ ಅವನ ಹೆಂಡತಿ. ಇಳಿಯಲು ಕಾಲು ಕೆಳಗಿಟ್ಟವನು ಸುತ್ತು ಹಾಕುತ್ತಿದ್ದ ಮೊಲವನ್ನು ನೋಡಿ ಹಾಗೇ ನಿಂತ.

“ಇದ್ರ ಕತ್ತು ಕಟ್ಟಿದ್ದು ಯಾರು?”

ನನಗೆ ಮೊಲವನ್ನು ಎತ್ತಿಕೊಂಡು ಒಳಗೆ ಓಡಬೇಕೆನಿಸಿತು. ಆದರೆ ನಾನೇ ಬಿಟ್ಟ ಮೊಲ ಅದು. “ನಾನು ಕಟ್ಟಿದ್ದೆ. ಕಟ್ಟಿದ್ದು ತಪ್ಪು. ಅದಕ್ಕೆ ಇರೋದು ಕಿವಿ ಕಾಯಿಲೆ, ತಾತ ಕಟ್ಟು ಬಿಚ್ಚಿದ್ರು” ಅಂದೆ.

ರೈತ ಹೆಂಡತಿಯ ಮುಖ ನೋಡಿದ. “ಗಾಡಿ ತಿರುಗಿಸಾನ” ಅಂದ.

ತಾತ ಜಗಲಿಯಿಂದ ಏಳಲೂ ಇಲ್ಲ. “ತಿರುಗಿಸ್ಕೊ ಅಪ್ಪಾ, ಯಾರೂ ತಡಿಯಲ್ಲ. ಅದ್ರ ಕಾಯಿಲೆ ನಂಗೆ ಗೊತ್ತಿರ್ಲಿಲ್ಲ, ಗೊತ್ತಿರೋರ ತಾವ ಹೊತ್ಕೊಂಡು ಹೋದೆ. ನಿನ್ನ ಭುಜ ಇಲ್ಲಿಂದ್ಲೇ ಕಾಣ್ತೈತೆ. ಕೀಲು ಮುಂದಕ್ಕೆ ಜಾರೈತೆ. ಅದು ನಂಗೆ ಗೊತ್ತು.”

ಹೆಂಡತಿ ಮೊದಲು ಇಳಿದಳು. “ಗೊತ್ತಿಲ್ಲ ಅಂತ ಹೇಳೋ ಪಂಡಿತ್ರನ್ನ ನಾನೆಲ್ಲೂ ನೋಡಿಲ್ಲ. ಇಳೀರಿ ಸುಮ್ನೆ” ಅಂದಳು. ಅವನು ಇಳಿದ. ತಾತ ನನ್ನನ್ನು ಕರೆದು ಅವನ ಕಂಕುಳಡಿ ಪಂಚೆ ಹಾಕಿ ಹಿಡಿದುಕೊಳ್ಳಲು ಹೇಳಿದರು. ತೋಳನ್ನು ಎಳೆದು, ಹೊರಳಿಸಿ, ಒಂದೇ ಸಲಕ್ಕೆ ಕೀಲು ಕೂರಿಸಿದರು. ಟಕ್ ಎಂದ ಸದ್ದು ನನಗೂ ಕೇಳಿಸಿತು. ರೈತ ಬೆವರು ಒರೆಸಿಕೊಂಡು, ಕೈ ಮೇಲೆತ್ತಿ ನೋಡಿ, ಜೋರಾಗಿ ನಕ್ಕ. ಹೋಗುವಾಗ ಅವನ ಹೆಂಡತಿ ಮೊಲದ ಮುಂದೆ ಕುಕ್ಕರಗಾಲಲ್ಲಿ ಕೂತು, ಗಾಡಿಯಲ್ಲಿದ್ದ ಹುರುಳಿ ಬಳ್ಳಿಯ ಒಂದು ಹಿಡಿ ಹಾಕಿದಳು.

ಅಂದಿನಿಂದ ಅಮ್ಮ ಮೊಲವನ್ನು ಒಳಗೆ ಹಾಕು ಎನ್ನಲಿಲ್ಲ. ತಾತ ನನ್ನ ಕೈಗೆ ಮನುಷ್ಯರ ಕಟ್ಟುಗಳನ್ನೂ ಕೊಡತೊಡಗಿದರು. ಮೊದಮೊದಲು ಮಕ್ಕಳ ಬೆರಳು, ಆಮೇಲೆ ಹೆಂಗಸರ ಮುಂಗೈ. ಮೊದಲು ಮುಟ್ಟಿ ನೋಡಿ, “ನಂಗೆ ಗೊತ್ತಾಯ್ತು” ಎಂದು ಬಾಯಿಬಿಟ್ಟು ಹೇಳಿದ ಮೇಲೇ ಪಟ್ಟಿ ಸುತ್ತಬೇಕು ಎನ್ನುವುದು ಅವರು ಹಾಕಿದ ಒಂದೇ ಕಟ್ಟಳೆ. ಗೊತ್ತಾಗದ ದಿನ ತಾತನನ್ನು ಕರೆಯುತ್ತಿದ್ದೆ. ಅಂಥ ದಿನಗಳು ಕಡಿಮೆಯಾಗುತ್ತಾ ಬಂದವು.

ಎರಡು ವರ್ಷದ ಮೇಲೆ ದೇವನಹಳ್ಳಿಯ ಹತ್ತಿರದ ಒಂದು ಊರಿಗೆ ನನ್ನನ್ನು ಕೊಟ್ಟರು. ಹೊರಡುವ ದಿನ ಗಾಡಿಯಲ್ಲಿ ಪೆಟ್ಟಿಗೆಯ ಪಕ್ಕ ಮೊಲದ ಬುಟ್ಟಿ ಇಟ್ಟೆ. ಅಮ್ಮ ಬೇಡವೆಂದಳು, ಹೊಸ ಮನೆಗೆ ಹೋಗುವಾಗ ಇದೇನು ಎಂದಳು. ನಾನು ಕೇಳಲಿಲ್ಲ. ಅತ್ತೆ ಮನೆಯಲ್ಲಿ ಇಳಿದು, ಹೊಸಿಲು ದಾಟಿ, ಶಾಸ್ತ್ರವೆಲ್ಲ ಮುಗಿದ ಮೇಲೆ ಬುಟ್ಟಿಯ ಮುಚ್ಚಳ ತೆಗೆದೆ. ಮನೆಯವರೆಲ್ಲ ಸುತ್ತ ನಿಂತಿದ್ದರು. ಮೊಲ ಹೊರಗೆ ಬಂದು ಓರೆ ತಲೆಯಲ್ಲೇ ಒಬ್ಬೊಬ್ಬರನ್ನೂ ನೋಡಿತು.

ಅತ್ತೆ ಬಗ್ಗಿ ನೋಡಿದರು. “ಇದಕ್ಕೇನವ್ವಾ ಹಾಕ್ತೀಯ ತಿನ್ನಕ್ಕೆ?”

“ಗರಿಕೆ, ಅಗಸೆ ಸೊಪ್ಪು ಅತ್ತೆ. ಕಾಳು ಜಾಸ್ತಿ ಹಾಕಬಾರ್ದು. ಬಲಗಡೆಯಿಂದ ಕೊಡಬೇಕು, ಎಡಗಡೆ ಅದಕ್ಕೆ ಸಲೀಸಾಗಿ ಕಾಣಲ್ಲ.”

“ಹಿತ್ತಲಲ್ಲಿ ಅಗಸೆ ಮರ ಐತೆ, ಬಾ” ಎಂದು ಅತ್ತೆ ಸೊಪ್ಪು ಕೀಳುವ ದೋಟಿ ಎತ್ತಿಕೊಂಡರು. ನಾನು ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆ ಹೋದೆ.